ಕತ್ತರಿಯ ಮಡಿ

ಸ್ವಾಮಿಯ ಹೂದೋಟದಲ್ಲಿ ಒಂದು ಮುದಿ ಗುಲಾಬಿಗಿಡವಿತ್ತು. ನಂಜುರೋಗ ತಗಲಿ ಅದರ ಎಲೆಗಳಲ್ಲೆಲ್ಲ ಹಳದಿ ಗೆರೆಗಳು ಮೂಡಿದ್ದವು. ಪಕ್ಕದಲ್ಲೇ ಸರ್ಕಾರದ ಹಣದಲ್ಲಿ ಕಟ್ಟಿದ ಬಲೆಯ ಮನೆಯೊಳಗೆ, ಊರಿಗೆಲ್ಲ ರೋಗವಿಲ್ಲದ ಸಸಿ ಕೊಡಲೆಂದು ಸಾಕಿದ ಎಳೆಯ ಗುಲಾಬಿ ನಳನಳಿಸುತ್ತಿತ್ತು. ಮುದಿಗಿಡಕ್ಕೆ ಹೊಟ್ಟೆಯಲ್ಲಿ ಕಿಚ್ಚು. ತನ್ನ ರೆಂಬೆ ಸವರಿ, ಎಂದಿನಂತೆ ಔಷಧಿ ನೀರಲ್ಲಿ ಮೀಯಲು ಹೊರಟ ತೋಟದ ಕತ್ತರಿಗೆ ಅದು ಹೇಳಿತು:

"ನನಗೆ ಉರಿಬಿಸಿಲು, ಅವಳಿಗೆ ಅರಮನೆ! ಕತ್ತರಿಯಪ್ಪ, ನನ್ನನ್ನು ಸವರಿದ ಬಾಯಲ್ಲೇ ಹೋಗಿ ಅವಳನ್ನೂ ಸವರು. ಇವತ್ತು ಔಷಧಿ ನೀರಲ್ಲಿ ಮೀಯಬೇಡ."

"ಶಿವ ಶಿವಾ! ಮಡಿಯಾಗದೆ ಹೋದರೆ ನಿನ್ನ ನಂಜು ಅವಳಿಗೂ ತಗಲೀತು, ತಾಯಿ. ಅವಳು ಯಾರೆಂದುಕೊಂಡೆ? ನಿನ್ನದೇ ಚಿಗುರಿನ ತುದಿ ಕೊಯ್ದು, ನಂಜು ಕಳೆದು ಬೆಳೆಸಿದ ಮಗಳು!"

ಭಗವಂತ ಗಿಡದ ಕಣ್ಣು ತೆರೆಸಿದ್ದ. ಕತ್ತರಿ ಮಿಂದು ಬಲೆಯ ಮನೆಗೆ ಹೊರಟಾಗ ಗಿಡ ಕೂಗಿತು:

"ನಿಲ್ಲಪ್ಪ! ಇನ್ನೊಂದು ಸಲ ಮಿಂದು ಹೋಗು."