ಗಂಜಿ ಕುಡಿಯದ ಎಳೆ

ಶಿಷ್ಯ ಚನ್ನವೀರ ಗುರುಗಳನ್ನು ಕೇಳಿದ: "ಗುರುಗಳೇ, ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆಗೆ ನಾವು ಕೆಲವರು ಕೂತು, ಒಂದೊಂದು ನಿಯಮವನ್ನೂ ಬಳಸಿ ನೋಡಿ ಪುಸ್ತಕ ಬರೆದಿದ್ದೇವೆ. ಇನ್ನು ಹದಿನೈದು ದಿನಕ್ಕೆ ಅದು ಅಚ್ಚಿಗೆ ಹೋಗುತ್ತದೆ. ಈಗ ನನಗೊಂದು ಹೊಸ ಸೌಲಭ್ಯ ಹೊಳೆದಿದೆ. ಈ ಸಲ ತಪ್ಪಿದರೆ ಮೂರು ವರ್ಷ ಕಾಯಬೇಕು. ಒಳ್ಳೆಯದು ತಡವಾಗಿ ಬಂತೆಂದು ಬಾಗಿಲು ಹಾಕುವುದು ಸರಿಯೇ?"

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಹೊಸದಾಗಿ ಸ್ವಂತ ಮಗ್ಗ ಹೂಡಿದ್ದ. ದೊಡ್ಡ ಮನೆಯ ಯಜಮಾನಿಯೊಬ್ಬಳು ತನ್ನ ನಾಲ್ವರು ಸೊಸೆಯರಿಗೆ ನಾಲ್ಕು ಸೀರೆ ನೇಯಲು ಹೇಳಿದಳು. ಅವಳು ಮೆಚ್ಚಿದರೆ ಊರೇ ಅವನ ಬಾಗಿಲಿಗೆ ಬರುತ್ತಿತ್ತು. ಮೆಚ್ಚದಿದ್ದರೆ ಮತ್ತೆ ಬೇರೆಯವರ ಮಗ್ಗದಲ್ಲಿ ಕೂಲಿಗೆ ಕೂರಬೇಕಿತ್ತು.

ಸೀರೆಯ ಉದ್ದಕ್ಕೆ ಓಡುವ ನೂಲನ್ನೆಲ್ಲ ಗಂಡಹೆಂಡತಿ ನೀರಲ್ಲಿ ನೆನೆಸಿದರು, ಗಂಜಿ ಹಚ್ಚಿದರು, ಬಿಸಿಲಲ್ಲಿ ಎಳೆದು ಕಟ್ಟಿ ಒಣಗಿಸಿ ಮಗ್ಗಕ್ಕೆ ಏರಿಸಿದರು. ಇನ್ನೇನು ಲಾಳಿ ಓಡಬೇಕು, ಆಗ ಸಂತೆಯ ನೂಲಂಗಡಿಯಲ್ಲಿ ಕೆಂಪು ನೂಲೊಂದು ನೇಕಾರನ ಕಣ್ಣಿಗೆ ಬಿತ್ತು. ಅಂಥ ಕೆಂಪನ್ನು ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ. ತಂದು, ಅಂಚಿಗೆ ಎರಡೆಳೆ ಸೇರಿಸಲು ಕೂತ.

ಹೆಂಡತಿ ತಡೆದಳು: "ಉಳಿದವೆಲ್ಲ ಒಟ್ಟಿಗೆ ಮಿಂದು, ಒಟ್ಟಿಗೆ ಗಂಜಿ ಕುಡಿದಿವೆ. ಇದು ಎಲ್ಲರೂ ಕೈ ತೊಳೆಯೋ ಹೊತ್ತಿಗೆ ಬಂದ ನೆಂಟ. ಮುಂದಿನ ಸಲಕ್ಕಿರಲಿ ಬಿಡಿ."

"ನೂಲಿಗೂ ಪಂಕ್ತಿ ಹಾಕ್ತೀಯಲ್ಲೇ! ಎರಡೆಳೆ ಏನು ಮಹಾ?" ಎಂದು ನಕ್ಕ. ಸೇರಿಸಿಯೇಬಿಟ್ಟ.

ಮಗ್ಗದ ಮೇಲೆ ಅಂಚು ಕೆಂಡದ ಹಾಗೆ ಹೊಳೆಯಿತು. ನೋಡಿದವರೆಲ್ಲ ಹೊಗಳಿದರು. ಯಜಮಾನಿಯಂತೂ ಸಂತೋಷಕ್ಕೆ ಎರಡು ಅಚ್ಚು ಬೆಲ್ಲ ಕಳಿಸಿದಳು.

ಸೊಸೆಯರು ಉಟ್ಟ ಎಂಟು ದಿನಕ್ಕೆ ಸೀರೆಗಳು ಒಗೆಯಲು ನೀರಿಗೆ ಬಿದ್ದವು. ಮೊದಲೇ ನೆನೆದಿದ್ದ ನೂಲು ಇದ್ದ ಹಾಗೇ ಇತ್ತು. ಕೆಂಪೆಳೆ ಮಾತ್ರ ಗೇಣುದ್ದ ಕುಗ್ಗಿ ಅಂಚನ್ನೆಲ್ಲ ಸುಕ್ಕುಗಟ್ಟಿಸಿತು. ನೆರಿಗೆ ನಿಲ್ಲಲಿಲ್ಲ. ಯಜಮಾನಿ ನಾಲ್ಕನ್ನೂ ತಂದು ಅವನ ಮುಂದೆ ಇಟ್ಟಳು.

"ಆ ಎರಡೆಳೆ ಕಿತ್ತುಬಿಡ್ತೀನಿ ತಾಯೀ," ಎಂದ. ಒಂದು ಸೀರೆಯಲ್ಲಿ ಕಿತ್ತು ನೋಡಿದ. ಆ ಜಾಗದಲ್ಲಿ ಸಂದು ಬಿಟ್ಟು ಅಕ್ಕಪಕ್ಕದ ನೂಲೂ ಜಾರಿತು. ಯಜಮಾನಿ ನಾಲ್ಕನ್ನೂ ಅಲ್ಲೇ ಬಿಟ್ಟು ಎದ್ದು ಹೋದಳು. ಮುಂದಿನ ತಿಂಗಳು ಅವನು ಕೂಲಿಗೆ ಕೂತಿದ್ದ.

ಕತೆ ಮುಗಿಯಿತು. ಚನ್ನವೀರ ಹೇಳಿದ: "ನನ್ನ ನೂಲು ಹಾಗಲ್ಲ ಗುರುಗಳೇ. ನೋಡಿದವರೆಲ್ಲ ಚೆನ್ನಾಗಿದೆ ಅಂದಿದ್ದಾರೆ."

ಗುರುಗಳು ಕೇಳಿದರು: "ಒಗೆದವರು ಯಾರಪ್ಪ?"