ವಾಡೆಯ ತೊಲೆ ಕಾದವಳು

ಡಂಗುರದವನು ಊರ ಅಗಸಿ ಬಾಗಿಲಲ್ಲಿ ನಿಂತು ಕೂಗಿದ. "ಕೇಳ್ರಪ್ಪೋ ಕೇಳ್ರಿ! ರಾಣಿ ನೀಲಾಂಬೆಯವರ ತವರಿನ ವಾಡೆ ಬೀಳಾಕ ಬಂದೈತಿ. ಏಳು ತಲೆಮಾರಿನ ಮನಿ! ಮೂರು ಒಗಟು ಬಿಡಿಸಿದಾವನ ಅದನ್ನ ಎತ್ತಿ ನಿಲ್ಲಿಸಬೇಕು. ತಪ್ಪಿದಾವನ ತಲಿ ಹೋಗತೈತಿ. ಅಮಾಸಿಯೊಳಗ ಯಾರೂ ಬಿಡಿಸಲಿಲ್ಲಂದ್ರ ವಾಡೆ ನೆಲಸಮ!"

ಎಮ್ಮೆ ಕಾಯುವ ಭರಮಪ್ಪ ಕೇಳಿಸಿಕೊಂಡ. ಅವನ ಹೆಂಡತಿ ಲಗಮವ್ವ ಆ ವಾಡೆಯ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು. ಈಗ ಅವಳಿಲ್ಲ. ಆ ಒಲೆಯಾದರೂ ಉಳಿಯಲಿ ಎಂದು ಹೊರಟ.

ವಾಡೆಯ ಬಾಗಿಲಲ್ಲಿ ಕಾವಲುಗಾರ ನಕ್ಕ. "ಯಾಕೋ ತಮ್ಮಾ, ತಲಿ ಭಾರ ಆಗೇತೇನು?"

ಒಳಗೆ ಕಾಲಿಟ್ಟವನು ಸುತ್ತ ನೋಡಿದ. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದ ಕಂಬಗಳು. ಮೇಲೆ ತೊಲೆಯ ಪಕ್ಕ ತೊಲೆ, ಒಂದು ಕಾಡೇ ಅಡ್ಡ ಮಲಗಿದ ಹಾಗೆ. ತಾನಾಗಿ ಕೈ ಮುಗಿದ.

ನಡುಮನೆಯಲ್ಲಿ ಸಭೆಯ ನಡುವೆ ಕೂತಿದ್ದ ರಾಣಿ ಕೇಳಿದಳು: "ನನ್ನಜ್ಜಿ ಹೇಳಿದ ಒಗಟುಗಳಿವು. ಈ ಮನೆಗೆ ಹಿರಿಯಳು. ಒಳಗೆ ಬಂದವಳಲ್ಲ, ಹೊರಗೆ ಹೋದವಳಲ್ಲ. ದಾಟುವವರೆಲ್ಲ ಅವಳಿಗೆ ಕೈ ಮುಗಿಯುತ್ತಾರೆ. ಯಾರು?"

ಮೊದಲು ಬಂದಿದ್ದ ಶಿಲ್ಪಿ ಇದಕ್ಕೆ "ಬಾಗಿಲು" ಎಂದಿದ್ದ. ಈಗ ಕಾಲಿಗೆ ಕೋಳ ಹಾಕಿಸಿಕೊಂಡು, ತಲೆ ಹೋಗುವ ಅಮಾವಾಸ್ಯೆ ಕಾಯುತ್ತ ಅಲ್ಲೇ ಮೂಲೆಯಲ್ಲಿ ಕೂತಿದ್ದ.

"ಹೊಸ್ತಿಲು, ಅವ್ವಾ."

"ದಿನಾ ಮೇಲಿಂದ ಇಳಿದು ಬರುತ್ತಾನೆ. ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಾನೆ. ಹೆಜ್ಜೆ ಗುರುತಿಲ್ಲ."

"ಬೆಳಕಿಂಡಿಯ ಬಿಸಿಲು."

"ಮನೆಯವರನ್ನೆಲ್ಲ ಅಳಿಸುತ್ತಾಳೆ. ಆದರೂ ಈ ಮಾಳಿಗೆ ನಿಂತಿರುವುದು ಅವಳಿಂದ. ಯಾರವಳು?"

ಇದಕ್ಕೆ ಸಾಹುಕಾರನ ಮಗ "ಅತ್ತೆ" ಎಂದಿದ್ದನಂತೆ. ಸಭೆ ನಕ್ಕಿತ್ತು, ರಾಣಿ ನಕ್ಕಿರಲಿಲ್ಲ. ಅವನಿಗೂ ಕೋಳ.

ಭರಮಪ್ಪ ತಲೆಯೆತ್ತಿದ. ಕಪ್ಪು ತೊಲೆ. ಅದರಿಂದ ಹಿಟ್ಟಿನಂಥ ಪುಡಿ ಉದುರುತ್ತಿತ್ತು. ತನ್ನ ಗುಡಿಸಲಲ್ಲೂ ಹಾಗೇ ಉದುರುತ್ತದೆ.

ಅಂಗೈಗೆ ಬಿದ್ದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ. ಕಾವಲುಗಾರ ಕತ್ತಿಗೆ ಕೈ ಹಾಕಿದ.

"ಹೊಗೆ, ಅವ್ವಾ," ಎಂದ. "ಒಲೆಯ ಹೊಗೆ. ಕಣ್ಣಲ್ಲಿ ನೀರು ತರಿಸ್ತಾಳೆ. ತೊಲೆಗೆ ಹುಳ ಬೀಳದ ಹಾಗೆ ಕಾಯ್ತಾಳೆ. ನೀವು ಅರಮನೆಗೆ ಹೋದ್ರಿ, ಇಲ್ಲಿ ಒಲೆ ಆರಿತು. ನನ್ನಾಕೆ ಹೋದಳು, ನಾನೂ ಒಲೆ ಹಚ್ಚಲಿಲ್ಲ. ನನ್ನ ಸೂರಿಗೂ ಹುಳ ಬಿತ್ತು."

ರಾಣಿ ಎದ್ದು ನಿಂತಳು. "ಮನೆ ನಿನ್ನ ಕೈಯಲ್ಲಿ. ಏನು ಬೇಕೋ ಕೇಳು."

"ಇವರಿಬ್ಬರ ಕೋಳ ಬಿಚ್ಚಿಸ್ರಿ. ತೊಲೆ ಒಬ್ಬನಿಂದ ಏಳಾಂಗಿಲ್ಲ."

ಹುಳ ತಿಂದ ತೊಲೆ ಇಳಿಸಿ ಹೊಸದು ಏರಿಸಿದರು. ಮಾಳಿಗೆಗೆ ಮಣ್ಣು ಬಡಿದರು. ಲಗಮವ್ವ ಕೂತ ಒಲೆಯನ್ನು ಮಾತ್ರ ಯಾರೂ ಅಲುಗಿಸಲಿಲ್ಲ. ರಾಣಿಯೇ ಅದಕ್ಕೆ ಬೆಂಕಿ ಹಚ್ಚಿದಳು. ಬೆಳಕಿಂಡಿಯ ಬಿಸಿಲಲ್ಲಿ ಹೊಗೆ ಕಂಬದ ಹಾಗೆ ನಿಂತಿತು.

ರಾಣಿ ಬಂಗಾರದ ತಟ್ಟೆ ಮುಂದಿಟ್ಟಳು. ಭರಮಪ್ಪ ಮಣ್ಣಿನ ಕುಡಿಕೆ ಚಾಚಿದ.

"ಒಂದಿಷ್ಟು ಕೆಂಡ ಕೊಡ್ರಿ, ಅವ್ವಾ. ಆ ಒಲೀದು."

ಅಂದು ಸಂಜೆ ಭರಮಪ್ಪನ ಸೂರಿನಿಂದಲೂ ಹೊಗೆ ಎದ್ದಿತು. ಅವನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.