ಮೇಲ್ಹಲ್ಲಿನ ಎಮ್ಮೆ

ಕಣಿವೆಪುರ ಅಂತ ಒಂದು ರಾಜ್ಯ. ಅಲ್ಲೊಬ್ಬ ದೊರೆ. ಅವನಿಗೆ ಪ್ರತಿ ಸೋಮವಾರ ಒಂದು ಹೊಸ ಕಥೆ ಬೇಕು. ಹೇಳುವವನು ಉರಿಯುವ ದೀಪದ ಮುಂದೆ ನಿಂತು, ಇದು ನಾನೇ ಕಂಡು ಕಟ್ಟಿದ ಕಥೆ ಎಂದು ಆಣೆ ಇಡಬೇಕು. ಕಥೆ ಕದ್ದವರಿಗೆ ಗಡೀಪಾರು.

ಆಸ್ಥಾನದ ಕಥೆಗಾರ ಚಂದ್ರಚೂಡ. ಅವನು ಮನೆಯಿಂದ ಹೊರಡುತ್ತಿದ್ದುದು ಪಲ್ಲಕ್ಕಿಯಲ್ಲಿ, ಪರದೆ ಎಳೆದುಕೊಂಡು. ಹೀಗಾಗಿ ಅವನ ಕಥೆಗಳು ಬೇಗ ಮುಗಿದುಹೋದವು.

ಅವನ ಮನೆಯ ಹಿಂದಿನ ಗೋಡೆಗೆ ಕೆಂಚಮ್ಮ ಎಂಬವಳು ದಿನವೂ ಬೆರಣಿ ತಟ್ಟುತ್ತಿದ್ದಳು. ಅವಳಿಗಿದ್ದದ್ದು ಎರಡು ಎಮ್ಮೆ, ಕಣ್ಣು ಕಾಣದ ಒಬ್ಬ ಅತ್ತೆ. ತಟ್ಟುತ್ತಾ ಓಣಿಯ ಹುಡುಗಿಯರಿಗೆ ಕಥೆ ಹೇಳುತ್ತಿದ್ದಳು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಇರುವೆ ಸಾಲು ಕಂಡರೆ ಮಧ್ಯಾಹ್ನಕ್ಕೆ ಅದು ಕಥೆ. ಒಡಕು ಮಡಕೆ ಕಂಡರೆ ಅದೂ ಕಥೆ.

ಚಂದ್ರಚೂಡ ಹಿಂದಿನ ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದ. ಮೊದಲ ಸೋಮವಾರ ಇರುವೆ ಕಥೆ ಹೇಳಿದ, ಶಾಲು ಸಿಕ್ಕಿತು. ಎರಡನೆಯ ಸೋಮವಾರ ಮಡಕೆ ಕಥೆ, ಕಡಗ ಸಿಕ್ಕಿತು. ಮೂರನೆಯ ಸೋಮವಾರ ಜನ ಗುಸುಗುಸು ಶುರುಮಾಡಿದರು. ಇದು ಕೆಂಚಮ್ಮನ ಕಥೆಯಲ್ಲವೇ?

ಅವನಿಗೆ ಹೆದರಿಕೆಯಾಯಿತು. ತಾನೇ ಮುಂದಾಗಿ ದೂರು ಕೊಟ್ಟ. ತಾನು ಒಳಗೆ ಕಥೆ ಕಟ್ಟುವಾಗ ಬೆರಣಿಯವಳು ಗೋಡೆಗೆ ಕಿವಿಗೊಟ್ಟು ಕದಿಯುತ್ತಾಳೆ ಎಂದ. ದೊರೆ ಕೆಂಚಮ್ಮನನ್ನು ಕರೆಸಿದ. ಬರುವ ಸೋಮವಾರ ರುಜುವಾತು ತೋರಿಸು, ಇಲ್ಲವೇ ಗಡಿ ದಾಟು ಎಂದ.

ಅತ್ತೆ ಗಡಿಯವರೆಗೆ ನಡೆಯಲಾರಳು. ಬಿಟ್ಟುಹೋದರೆ ಅನ್ನ ಕೊಡುವವರಿಲ್ಲ.

"ನನ್ನ ಬಿಟ್ಟು ಹೋಗ್ತೀಯೇನೇ?" ಎಂದು ಮುದುಕಿ ಕೇಳಿದಳು.

"ಸೋಮವಾರದ ತನಕ ಸುಮ್ನಿರು, ಅತ್ತೆಮ್ಮ."

ಕೆಂಚಮ್ಮ ಎಂದಿನಂತೆ ಬೆರಣಿಗೆ ಹೋದಳು. ಮೂರು ದಿನ ಒಂದೇ ಕಥೆಯನ್ನು ಬೆಳೆಸಿದಳು. ಮೊದಲ ದಿನ ಕಥೆಯಲ್ಲೊಂದು ನಾಗರಹಾವು ರೆಪ್ಪೆ ಮಿಟುಕಿಸಿತು. ಎರಡನೆಯ ದಿನ ಎರಡು ಕಣ್ಣಿನ ತೆಂಗಿನಕಾಯಿ ಉರುಳಿ ಬಂತು. ಮೂರನೆಯ ದಿನ ಎಮ್ಮೆಯೊಂದು ಮೇಲಿನ ಮುಂಹಲ್ಲಿನಿಂದ ಹುಲಿಯ ಮೂಗು ಕಚ್ಚಿತು.

"ಅಲ್ಲ ಕೆಂಚತ್ತೆ, ಎಮ್ಮೆಗೆ..." ಎಂದಳು ಒಬ್ಬ ಹುಡುಗಿ.

ಕೆಂಚಮ್ಮ ಸಗಣಿ ಕೈಯಿಂದಲೇ ಅವಳ ಬಾಯಿ ಮುಚ್ಚಿದಳು. ಕಿಟಕಿಯತ್ತ ನೋಡಿದಳು. ಅದು ಇನ್ನೂ ಬೆರಳಷ್ಟು ತೆರೆದೇ ಇತ್ತು. ಕೇಳಿಸಿತೋ, ಇಲ್ಲವೋ? ಗೊತ್ತಾಗಲಿಲ್ಲ.

ಸೋಮವಾರ ಬಂತು. ಅರಮನೆಯ ಅಂಗಳದಲ್ಲಿ ಊರೇ ನೆರೆದಿತ್ತು. ಮೊದಲು ಪಂಡಿತರು ಈ ವಾರದ ಕಥೆ ಹೇಳಲಿ ಎಂದು ಕೆಂಚಮ್ಮ ಬೇಡಿಕೊಂಡಳು. ಚಂದ್ರಚೂಡ ದೀಪದ ಮುಂದೆ ಆಣೆ ಇಟ್ಟು ಶುರುಮಾಡಿದ.

ಹಾವು ರೆಪ್ಪೆ ಮಿಟುಕಿಸಿತು. ಗುಂಪಿನಲ್ಲಿದ್ದ ಹಾವಾಡಿಗ ನಗು ಅಡಗಿಸಲು ತಲೆ ತಗ್ಗಿಸಿದ. ಎರಡು ಕಣ್ಣಿನ ತೆಂಗಿನಕಾಯಿ ಬಂತು. ಅರಮನೆಯ ಅಡುಗೆಯವಳು ಸೆರಗು ಬಾಯಿಗಿಟ್ಟಳು. ಎಮ್ಮೆ ಮೇಲಿನ ಮುಂಹಲ್ಲಿನಿಂದ ಕಚ್ಚಿತು. ಅಂಗಳಕ್ಕೆ ಅಂಗಳವೇ ನಕ್ಕಿತು.

ದೊರೆಯ ಮುಖ ಕೆಂಪಾಯಿತು. ನಗುವಂಥದ್ದು ಏನಿದೆ ಎಂದು ಕೇಳಿದ.

ಕೆಂಚಮ್ಮ ಕೈ ಮುಗಿದಳು. "ಬುದ್ಧಿ, ಹಾವಿಗೆ ರೆಪ್ಪೆ ಇಲ್ಲ. ತೆಂಗಿನಕಾಯಿಗೆ ಮೂರು ಕಣ್ಣು. ಎಮ್ಮೆಗೆ ಮೇಲೆ ಮುಂಹಲ್ಲೇ ಇಲ್ಲ. ಈ ಮೂರೂ ಸುಳ್ಳು ನಾನು ಬೇಕಂತಲೇ ಹಾಕಿದ್ದು. ಓಣಿ ಹುಡುಗಿಯರು ಸಾಕ್ಷಿ. ನಾನು ಕದ್ದವಳಾದರೆ ನನ್ನ ಸುಳ್ಳು ಈ ಪಂಡಿತರ ಬಾಯಿಗೆ ಹೇಗೆ ಬಂತು?"

ಹುಡುಗಿಯರು ಹೌದೆಂದರು. ಹಾವಾಡಿಗ ಬುಟ್ಟಿ ತೆರೆದ. ಅಡುಗೆಯವಳು ಕಾಯಿಯ ಜುಟ್ಟು ಕಿತ್ತಳು. ಎಮ್ಮೆಯನ್ನು ಹಿಡಿದು ತಂದರು. ದೊರೆ ತಾನೇ ಅದರ ಬಾಯಿಗೆ ಬೆರಳು ಹಾಕಿ ನೋಡಿದ. ಮೇಲೆ ಬರೀ ಒಸಡು. ಅವನಿಗೂ ಅದು ಅಂದೇ ಗೊತ್ತಾದದ್ದು.

"ಮೇಲೆ ಮುಂಹಲ್ಲಿರುವ ಎಮ್ಮೆಯನ್ನು ಎಲ್ಲಿ ಕಂಡಿರಿ, ಪಂಡಿತರೇ?" ಎಂದು ದೊರೆ ಕೇಳಿದ.

ಚಂದ್ರಚೂಡ ಶಾಲನ್ನೂ ಕಡಗವನ್ನೂ ತೆಗೆದು ದೀಪದ ಮುಂದೆ ಇಟ್ಟ.

ದೊರೆ ಗಡೀಪಾರು ಎಂದ. ಕೆಂಚಮ್ಮ ತಡೆದಳು. ಗಡಿಯಾಚೆಗೂ ಗೋಡೆಗಳಿವೆ ಬುದ್ಧಿ, ಅಲ್ಲೂ ಕಿವಿಗೊಡುತ್ತಾರೆ, ಅದರ ಬದಲು ಒಂದು ವರ್ಷ ನನ್ನ ಎಮ್ಮೆ ಕಾಯಲಿ ಎಂದಳು. ದೊರೆ ಒಪ್ಪಿದ.

ಮರುದಿನ ಚಂದ್ರಚೂಡ ಎಮ್ಮೆಗಳ ಹಿಂದೆ ಬಯಲಿಗೆ ಹೋದ. ಬಗ್ಗಿ, ಮೊದಲು ಅವುಗಳ ಕಾಲು ಎಣಿಸಿದ.

ತಿಳಿಯಿತೇ ಮಕ್ಕಳೇ? ಕಥೆ ದಿನವೂ ನಮ್ಮ ಕಣ್ಣೆದುರಿಗೇ ಇರುತ್ತದೆ. ನೋಡಿದವರಿಗೆ ಅದು ಸಿಗುತ್ತದೆ. ನೋಡದೆ ಕದ್ದವರು ಅದರಿಂದಲೇ ಸಿಕ್ಕಿಬೀಳುತ್ತಾರೆ.